ಪಕ್ಕದಲ್ಲಿ ಕುಳಿತು ಕಲಿಸಿದ ಲೆಕ್ಕ: ನಮ್ಮ ಸೀಮೆಯಲ್ಲಿ ಬೀಜಗಣಿತದ ಸಂಜೆಪಾಠ

ನಮ್ಮ ಶಾಲೆಯು ನೂರು ವರ್ಷಗಳನ್ನು ಪೂರೈಸುತ್ತಿರುವ ಈ ಶುಭಸಂದರ್ಭದಲ್ಲಿ, ಇಲ್ಲಿಯೇ ಕಲಿತು, ಮುಂದೆ ಇಲ್ಲಿಯೇ ಗಣಿತವನ್ನು ಬೋಧಿಸಿ ನಿವೃತ್ತನಾದ ನನ್ನಿಂದ ಸಂಪಾದಕ ಮಂಡಳಿಯವರು ಒಂದು ಲೇಖನವನ್ನು ಅಪೇಕ್ಷಿಸಿದರು. ಶಾಲೆಯ ಸ್ಥಾಪನೆ, ದಾನಿಗಳು, ಕಟ್ಟಡ, ಮುಖ್ಯೋಪಾಧ್ಯಾಯರ ಪರಂಪರೆ ಇವುಗಳನ್ನು ಕುರಿತು ಬಲ್ಲವರು ಬರೆಯುತ್ತಿದ್ದಾರೆ. ಶಾಲೆಯ ಯಾವ ದಾಖಲೆ ಪುಸ್ತಕದಲ್ಲಿಯೂ ನಮೂದಾಗದ ಒಂದು ಸಂಗತಿಯನ್ನು ನಾನು ಆರಿಸಿಕೊಂಡಿದ್ದೇನೆ. ಅದು ಸಂಜೆಪಾಠ. ಶಾಲೆ ಬಿಟ್ಟ ಮೇಲೆ ಜಗುಲಿಯ ಮೇಲೆ ಒಬ್ಬ ಮೇಷ್ಟ್ರ ಪಕ್ಕದಲ್ಲಿಯೋ, ಮೇಲಿನ ತರಗತಿಯ ಒಬ್ಬ ಅಣ್ಣನ, ಅಕ್ಕನ ಪಕ್ಕದಲ್ಲಿಯೋ ಕುಳಿತು ಲೆಕ್ಕ ಕಲಿತ ಹಳೆಯ ವಿದ್ಯಾರ್ಥಿಗಳು ಈ ಸಂಚಿಕೆಯ ಓದುಗರಲ್ಲಿ ಅನೇಕರಿದ್ದಾರೆ. ಆ ಪಾಠದಿಂದ ಬೇರೆ ಯಾವ ವಿಷಯಕ್ಕಿಂತಲೂ ಬೀಜಗಣಿತಕ್ಕೆ ಆದ ಉಪಕಾರ ದೊಡ್ಡದು. ಅದು ಹೇಗಾಯಿತು, ಅದರ ಬೇರು ಎಲ್ಲಿದೆ, ಇಂದು ಅದು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಈ ಬೇರನ್ನು ಹುಡುಕಬೇಕಾದರೆ ಶಾಲೆಯ ಹುಟ್ಟಿಗಿಂತ ಇನ್ನೂ ನೂರು ವರ್ಷ ಹಿಂದಕ್ಕೆ ಹೋಗಬೇಕು. ಆಗ ಆದೋನಿ, ಆಲೂರು, ರಾಯದುರ್ಗ, ಮಡಕಶಿರಾ ಎಲ್ಲವೂ ಬಳ್ಳಾರಿ ಜಿಲ್ಲೆಯೊಳಗಿದ್ದವು. ಮದರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಆಡಳಿತದ ಎಲ್ಲ ಜಿಲ್ಲೆಗಳ ಕಲೆಕ್ಟರುಗಳಿಂದ ಊರ ಶಾಲೆಗಳ ವಿವರವನ್ನು ಕೇಳಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ ತಿಂಗಳಲ್ಲಿ ಕಳುಹಿಸಿದ ವರದಿ ಅವುಗಳಲ್ಲಿ ಅತ್ಯಂತ ವಿವರವಾದವುಗಳಲ್ಲಿ ಒಂದು. ಈತ ತೆಲುಗು ವ್ಯಾಕರಣವನ್ನು ಬರೆದ ವಿದ್ವಾಂಸನೂ ಹೌದು. ಆತನ ಎಣಿಕೆಯಂತೆ ಜಿಲ್ಲೆಯಲ್ಲಿ 533 ಪಾಠಶಾಲೆಗಳಿದ್ದವು. 6,641 ಮಕ್ಕಳು ಕಲಿಯುತ್ತಿದ್ದರು. ಇವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಉಳಿದವು ಮರಾಠಿ, ಪಾರಸಿ, ತಮಿಳು, ಸಂಸ್ಕೃತ ಪಾಠಶಾಲೆಗಳು. ಇಂಗ್ಲಿಷಿನದು ಒಂದೇ ಒಂದು. ಎರಡು ಭಾಷೆಗಳು ಭುಜಕ್ಕೆ ಭುಜ ತಾಗಿಸಿ ಬದುಕಿದ ಸೀಮೆ ನಮ್ಮದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ನಮ್ಮ ಹಿರಿಯರು ಮಠವೆಂದೂ ಕೂಲಿಮಠವೆಂದೂ ಕರೆಯುತ್ತಿದ್ದ ಆ ಪಾಠಶಾಲೆಗಳ ದಿನಚರಿಯನ್ನು ಕ್ಯಾಂಪ್‌ಬೆಲ್ ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಾನೆ. ಬೆಳಗಿನ ಆರು ಗಂಟೆಗೆ ಮಠ ಸೇರುತ್ತಿತ್ತು. ಮೊದಲು ಬಂದ ಮಗುವಿನ ಅಂಗೈಯ ಮೇಲೆ ಗುರುಗಳು ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯದಾಗಿ ಬಂದ ಮಗುವಿನ ಅಂಗೈಯ ಮೇಲೆ ಒಂದು ಸೊನ್ನೆ; ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ ಎಂದು ಅದರ ಅರ್ಥ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದಂತೆ ಬಂದಂತೆ ಒಂದೊಂದು ಹೆಚ್ಚು. ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಕೈ ಪಳಗಿದ ಮೇಲೆ ಇದ್ದಿಲು ಬಳಿದ ಹಲಗೆ ಅಥವಾ ಬಟ್ಟೆಯಿಂದ ಮಾಡಿದ ಕಡತ, ಅದರ ಮೇಲೆ ಬಳಪ. ಲೆಕ್ಕದಲ್ಲಿ ಕೂಡುವ ಕಳೆಯುವ ಮಗ್ಗಿಗಳು, ಹಣ, ತೂಕ, ಅಳತೆಗಳ ಕೋಷ್ಟಕಗಳು, ನಾಲ್ಕು ನಾಲ್ಕಾಗಿ ಒಡೆಯುತ್ತ ಹೋಗುವ ಭಿನ್ನರಾಶಿಗಳು. ಕಾಲು, ವೀಸ, ಕಾಣಿ ಎಂದು ನಮ್ಮ ಅಜ್ಜಂದಿರು ಬೆರಳ ತುದಿಯಲ್ಲಿ ಎಣಿಸುತ್ತಿದ್ದುದು ಇವುಗಳನ್ನೇ. ದಿನಕ್ಕೆ ಎರಡು ಸಾರಿ ಮಕ್ಕಳು ಸಾಲಾಗಿ ನಿಂತು, ಒಬ್ಬ ಹಿರಿಯ ವಿದ್ಯಾರ್ಥಿ ಹೇಳಿದಂತೆ ಇವೆಲ್ಲವನ್ನೂ ಒಪ್ಪಿಸುತ್ತಿದ್ದರು.

ಈ ವರದಿಯಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಎರಡು ಮಾತುಗಳಿವೆ. ಒಂದು ಮೆಚ್ಚುಗೆ, ಇನ್ನೊಂದು ದೂರು. ಮುಂದುವರಿದ ಮಕ್ಕಳು ಹಿಂದಿರುವ ಮಕ್ಕಳಿಗೆ ಕಲಿಸುವ ಏರ್ಪಾಡನ್ನು ಕ್ಯಾಂಪ್‌ಬೆಲ್ ಬಹುವಾಗಿ ಮೆಚ್ಚಿದನು. ಅದು ಹಾಗೆ ಕಲಿಸುವವನ ಜ್ಞಾನವನ್ನೂ ಗಟ್ಟಿಗೊಳಿಸುತ್ತದೆ ಎಂದನು. ಈ ಪದ್ಧತಿ ಅಷ್ಟರಲ್ಲಿಯೇ ಸಮುದ್ರವನ್ನು ದಾಟಿತ್ತು. ಮದರಾಸಿನ ಎಗ್ಮೋರಿನ ಅನಾಥಾಲಯವನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಇಲ್ಲಿನ ಮಕ್ಕಳು ಮರಳಿನ ಮೇಲೆ ಬರೆದು ಕಲಿಯುವುದನ್ನು ಕಂಡು, ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸುವ ಕ್ರಮವನ್ನು ತನ್ನ ಶಾಲೆಯಲ್ಲಿ ನಡೆಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕವನ್ನು ಪ್ರಕಟಿಸಿದ್ದನು. ಇಂಗ್ಲೆಂಡಿನಲ್ಲಿ ಅದು ಮದರಾಸ್ ಪದ್ಧತಿ ಎಂದೇ ಹೆಸರಾಯಿತು.

ದೂರು ಇನ್ನೂ ಮುಖ್ಯವಾದುದು. ಮಕ್ಕಳು ಪದ್ಯಗಳನ್ನು ರಾಶಿರಾಶಿಯಾಗಿ ಬಾಯಿಪಾಠ ಮಾಡಿದ್ದಾರೆ, ಆದರೆ ಅವುಗಳ ಅರ್ಥ ಗಿಳಿಗೆ ತಿಳಿದಷ್ಟೇ ಅವರಿಗೂ ತಿಳಿದಿದೆ ಎಂದು ಆತ ಬರೆದನು. ಮಾತು ಕಹಿಯಾಗಿದ್ದರೂ ಸುಳ್ಳೆನ್ನಲಾಗದು. ಅಂದರೆ, ಪಕ್ಕದಲ್ಲಿ ಕುಳಿತು ಕಲಿಸುವ ಸತ್ಸಂಪ್ರದಾಯವೂ, ಅರ್ಥ ಕೇಳದೆ ಒಪ್ಪಿಸುವ ದುರಭ್ಯಾಸವೂ ಒಂದೇ ಮಠದಿಂದ ನಮಗೆ ಬಂದ ಆಸ್ತಿ. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿನ ನೇಕಾರರ ಕೈ ಬರಿದಾದುದರಿಂದ ಮಠಗಳು ಕ್ಷೀಣಿಸುತ್ತಿವೆ ಎಂಬುದನ್ನೂ ಅದೇ ವರದಿ ಒಪ್ಪಿಕೊಳ್ಳುತ್ತದೆ. ಮಠಗಳು ಮುಚ್ಚಿದವು, ಆದರೆ ಈ ಎರಡು ಗುಣಗಳೂ ಮುಂದೆ ಬಂದ ಶಾಲೆಗಳಿಗೆ ದಾಟಿದವು.

ಕ್ಯಾಂಪ್‌ಬೆಲ್ ಕೊಡುವ ಪಾಠಗಳ ಪಟ್ಟಿಯಲ್ಲಿ ಬೀಜಗಣಿತವಿಲ್ಲ. ಹಾಗೆಂದು ಅದು ನಮ್ಮ ನೆಲಕ್ಕೆ ಪರಕೀಯವಾಗಿರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ದ ಮೂಲಕ ಗಣಿತವನ್ನು ಕನ್ನಡಕ್ಕೇ ತಂದನು. 1150ರಲ್ಲಿ ಭಾಸ್ಕರಾಚಾರ್ಯನ 'ಬೀಜಗಣಿತ' ಸಿದ್ಧವಾಯಿತು. ಅಲ್ಲಿ ತಿಳಿಯದ ಸಂಖ್ಯೆಗೆ 'ಯಾವತ್ತಾವತ್' ಎಂದು ಹೆಸರು. ತಿಳಿಯದವು ಎರಡು ಮೂರಿದ್ದರೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರು. ಬರೆಯುವಾಗ ಯಾ, ಕಾ, ನೀ, ಪೀ ಎಂದು ಮೊದಲ ಅಕ್ಷರಗಳು ಮಾತ್ರ. ಋಣವನ್ನು ತೋರಿಸಲು ಸಂಖ್ಯೆಯ ಮೇಲೆ ಒಂದು ಚುಕ್ಕೆ. ಇಷ್ಟೆಲ್ಲ ಚಿಹ್ನೆಗಳನ್ನು ಕಲಿಸಿದ ಆಚಾರ್ಯನೇ, ಬೀಜವೆಂಬುದು ಈ ಅಕ್ಷರಗಳಲ್ಲಿಲ್ಲ, ವಿವೇಚಿಸುವ ಬುದ್ಧಿಯೇ ಬೀಜ ಎಂಬ ಅಭಿಪ್ರಾಯವನ್ನು ಗ್ರಂಥದಲ್ಲಿ ಸೂಚಿಸಿದ್ದಾನೆ. ಗಣಿತದ ಅಧ್ಯಾಪಕರೆಲ್ಲರೂ ನೆನಪಿನಲ್ಲಿಡಬೇಕಾದ ಮಾತಿದು.

ಇಂಥ ಗ್ರಂಥ ಬರೆದಿಟ್ಟ ಮಾತ್ರಕ್ಕೆ ಉಳಿಯುವುದಿಲ್ಲ ಎಂಬ ಅರಿವು ಭಾಸ್ಕರನ ಮನೆತನಕ್ಕಿತ್ತು. ಅವನ ಮೊಮ್ಮಗ ಚಂಗದೇವನು ಈಗಿನ ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯಲ್ಲಿರುವ ಪಾಟಣದಲ್ಲಿ, ಅಜ್ಜನ ಗ್ರಂಥಗಳನ್ನು ಪಾಠ ಹೇಳುವುದಕ್ಕಾಗಿಯೇ ಒಂದು ಮಠವನ್ನು ಕಟ್ಟಿಸಿದನು. 1207ರಲ್ಲಿ ಆ ಮಠಕ್ಕೆ ದತ್ತಿ ದೊರೆತುದನ್ನು ಅಲ್ಲಿನ ಶಿಲಾಶಾಸನ ಹೇಳುತ್ತದೆ. ಗ್ರಂಥವಿದ್ದರೂ ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳುವವರು ಬೇಕು ಎಂಬುದಕ್ಕೆ ಕಲ್ಲಿನ ಮೇಲೆ ಬರೆದ ಪ್ರಮಾಣವಿದು.

ಹೊಸ ಮಾದರಿಯ ಶಾಲೆಗಳು ಬಂದ ಮೇಲೆ ಬೀಜಗಣಿತವು ಪಂಡಿತರ ಮನೆಯಿಂದ ಹೊರಬಂದು ಎಲ್ಲ ಮಕ್ಕಳ ಪಠ್ಯವಾಯಿತು. ಇದು ದೊಡ್ಡ ಲಾಭ. ಆದರೆ ಅದು ಬಂದುದು ನಲವತ್ತು ಐವತ್ತು ಮಕ್ಕಳ ತರಗತಿಗೆ, ಕರಿಹಲಗೆಯ ಮೇಲಿನ ಸೂತ್ರವಾಗಿ. ಅಂಕಗಣಿತದಲ್ಲಿ ಮಗು ತಪ್ಪಿದರೆ ಕೈಬೆರಳು ಎಣಿಸಿ ತಿದ್ದಿಕೊಳ್ಳಬಹುದು. ಬೀಜಗಣಿತದಲ್ಲಿ ತಿಳಿಯದ ಸಂಖ್ಯೆಯನ್ನು ತಿಳಿದಂತೆಯೇ ಹಿಡಿದು ನಡೆಸಬೇಕು. ಅಲ್ಲಿ ಎಣಿಸಲು ಏನೂ ಇಲ್ಲ. ಅರ್ಥ ತಪ್ಪಿದ ಮಗುವಿಗೆ ಉಳಿಯುವುದು ಮಠದ ಹಳೆಯ ದಾರಿಯೊಂದೇ: ಬಾಯಿಪಾಠ.

ನಾನು ಆ ದಾರಿ ಹಿಡಿದವನೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬೇರ್ಪಟ್ಟವು. ನಾನು ಶಾಲೆ ಸೇರುವ ಹೊತ್ತಿಗೆ ಅದು ಹಿರಿಯರ ಬಾಯಲ್ಲಿ ಹಳೆಯ ಕಥೆಯಾಗಿತ್ತು. ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ಎರಡೂ ಅಲ್ಲದ ಇಂಗ್ಲಿಷ್ ಎಂಬುದು ನಮಗೆ ಸಹಜವೇ ಆಗಿತ್ತು. ಏಳನೆಯ ತರಗತಿಯಲ್ಲಿ ಸಮೀಕರಣ ಬಂತು. ತಿಳಿಯದ ಸಂಖ್ಯೆಯನ್ನು 'ಕ್ಷ' ಎಂದಿಟ್ಟುಕೊಳ್ಳೋಣ. 3ಕ್ಷ = 12 ಎಂದು ಮೇಷ್ಟ್ರು ಬರೆದರೆ ನಾನು ಕ್ಷ = 9 ಎಂದು ಬರೆದೆ. ಆ ಕಡೆಗೆ ಹೋದರೆ ಕಳೆಯಬೇಕು ಎಂಬುದು ನಾನು ಉರುಹೊಡೆದ ಸೂತ್ರ. ತರಗತಿಯಲ್ಲಿ ಉತ್ತರ ತಪ್ಪೆಂದು ಕೆಂಪು ಗೆರೆ ಬಿತ್ತು. ಮರುದಿನ ಬೇರೆ ಲೆಕ್ಕದಲ್ಲಿ ಅದೇ ತಪ್ಪು, ಅದೇ ಗೆರೆ.

ಮೂರನೆಯ ದಿನ ಸಂಜೆ ನಮ್ಮ ಗಣಿತದ ಮೇಷ್ಟ್ರು ನನ್ನನ್ನು ಜಗುಲಿಯ ಮೇಲೆ ಕೂರಿಸಿಕೊಂಡರು. ಹತ್ತಿರದ ಅಂಗಡಿಯಿಂದ ತಕ್ಕಡಿ ತರಿಸಿದ್ದರು. ಹತ್ತಿಯ ಪೇಟೆಯ ಊರಿನ ಹುಡುಗನಿಗೆ ತಕ್ಕಡಿಯ ಭಾಷೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಒಂದು ತಟ್ಟೆಯಲ್ಲಿ ಮೂರು ಕಾಗದದ ಪೊಟ್ಟಣ, ಇನ್ನೊಂದರಲ್ಲಿ ಹನ್ನೆರಡು ಗೋಲಿ; ಮುಳ್ಳು ನೆಟ್ಟಗೆ ನಿಂತಿತು.

"ಮೂರರಾಗೂ ಅಷ್ಟಷ್ಟೇ ಗೋಲಿ ಅದಾವಪ್ಪ. ಬಿಚ್ಚದೆ ಹೇಳು, ಒಂದರಾಗ ಎಷ್ಟು?"

"ಒಂಬತ್ತು, ಸಾರ್."

ಅವರು ತಪ್ಪು ಎನ್ನಲಿಲ್ಲ. "ಹಾಗಾದರೆ ಒಂಬತ್ತೊಂಬತ್ತು ಕಟ್ಟಿ ಇಡು" ಎಂದರು. ನಾನು ಗೋಲಿ ಎಣಿಸಿ ಹೊಸ ಪೊಟ್ಟಣ ಕಟ್ಟತೊಡಗಿದೆ. ಎರಡನೆಯ ಪೊಟ್ಟಣ ಇಡುವಷ್ಟರಲ್ಲಿಯೇ ತಟ್ಟೆ ನೆಲ ಮುಟ್ಟಿತು. ಅವರು ಸುಮ್ಮನಿದ್ದರು. ಬಹಳ ಹೊತ್ತು ಸುಮ್ಮನಿದ್ದರು. ಆ ಮೌನದಲ್ಲಿಯೇ 3ಕ್ಷ ಎಂದರೆ ಮೂರೂ ಕ್ಷವೂ ಕೂಡಿದ್ದಲ್ಲ, ಕ್ಷ ಎಂಬುದು ಮೂರು ಸಾರಿ ಇರುವುದು ಎಂಬುದು ನನಗೆ ಹೊಳೆಯಿತು. ಎರಡು ತಟ್ಟೆಗಳಿಗೂ ಒಂದೇ ಕೆಲಸ ಮಾಡಿದರೆ ಮುಳ್ಳು ಅಲುಗದು ಎಂಬುದು ತಿಳಿದ ಮೇಲೆ ಪಕ್ಷಾಂತರದ ಸೂತ್ರವನ್ನು ನಾನು ಮತ್ತೆಂದೂ ಬಾಯಿಪಾಠ ಮಾಡಲಿಲ್ಲ.

ಋಣಸಂಖ್ಯೆಗೆ ತಕ್ಕಡಿ ಸಾಲದು. ಅದಕ್ಕೆ ಅವರು ಅಂಗಡಿಯ ಉದ್ರಿ ಪುಸ್ತಕವನ್ನು ಹಿಡಿದರು. ಐದು ರೂಪಾಯಿ ಸಾಲವನ್ನು ಶೆಟ್ಟರು ಹೊಡೆದುಹಾಕಿದರೆ ನಿಮ್ಮಪ್ಪನಿಗೆ ನಷ್ಟವೋ ಲಾಭವೋ ಎಂದು ಕೇಳಿದರು. ಋಣವನ್ನು ಕಳೆದರೆ ಧನವಾಗುವುದು ಹೀಗೆ ತಿಳಿಯಿತು. ಬಹಳ ವರ್ಷಗಳ ನಂತರ, ಬ್ರಹ್ಮಗುಪ್ತನು 628ರಲ್ಲಿ ಧನ ಋಣಗಳ ನಿಯಮಗಳನ್ನು ಬರೆದಿಟ್ಟಿರುವುದನ್ನು ಓದಿದಾಗ ಆ ಸಂಜೆ ನೆನಪಾಯಿತು. ಆಸ್ತಿ ಮತ್ತು ಸಾಲ ಎಂಬ ಅರ್ಥವು ಆ ಹೆಸರುಗಳೊಳಗೇ ಇದೆ. ತರಗತಿಯ ಅವಸರದಲ್ಲಿ ನಾವು ಅದನ್ನು ಕೇಳಿಸಿಕೊಳ್ಳುವುದಿಲ್ಲ.

ಮುಂದೆ ನಾನೇ ಸಂಜೆಪಾಠ ನಡೆಸಿದ ವರ್ಷಗಳಲ್ಲಿ ಅದರ ಗುಣವೇನೆಂದು ಯೋಚಿಸಿದ್ದೇನೆ. ಮೊದಲನೆಯದು, ತಪ್ಪಿನ ಮೂಲ ಕಾಣುವುದು. ಉತ್ತರ ತಪ್ಪಿದ ಹತ್ತು ಮಕ್ಕಳಲ್ಲಿ ಕಾರಣ ಹತ್ತು ಬಗೆಯಾಗಿರಬಹುದು. 2ಕ ಮತ್ತು 3ಖ ಕೂಡಿದರೆ 5ಕಖ ಎಂದು ಬರೆಯುವ ಮಗುವಿಗೆ ಅಕ್ಷರವೆಂದರೆ ವಸ್ತುವಿನ ಹೆಸರು. ಕಂಸದ ಹೊರಗಿನ ಋಣಚಿಹ್ನೆಯನ್ನು ಮೊದಲ ಪದಕ್ಕೆ ಮಾತ್ರ ಹಚ್ಚುವ ಮಗುವಿನ ಕಷ್ಟವೇ ಬೇರೆ. ಇನ್ನೊಂದು ಮಗುವಿಗೆ ಭಿನ್ನರಾಶಿಯೇ ಬಾರದು, ಬೀಜಗಣಿತ ಬರೀ ನೆಪ. ಪಕ್ಕದಲ್ಲಿ ಕುಳಿತವನಿಗೆ ಮಾತ್ರ ಇದು ಕಾಣುತ್ತದೆ. ಎರಡನೆಯದು, ಕಾಯುವ ವ್ಯವಧಾನ. ನಲವತ್ತು ಮಕ್ಕಳ ಮುಂದೆ ಅಧ್ಯಾಪಕ ಒಂದು ಮಗುವಿನ ಯೋಚನೆಗಾಗಿ ಐದು ನಿಮಿಷ ಕಾಯಲಾರ. ಮೂರನೆಯದು, ನಾಚಿಕೆ ಇಲ್ಲದಿರುವುದು. ತರಗತಿಯಲ್ಲಿ ತುಟಿ ಬಿಚ್ಚದ ಹುಡುಗಿ ಜಗುಲಿಯ ಮೇಲೆ "ಯಾಕಕ್ಕ, ಹಿಂಗ್ಯಾಕ?" ಎಂದು ಕೇಳಬಲ್ಲಳು. ನಾಲ್ಕನೆಯದು, ಕ್ಯಾಂಪ್‌ಬೆಲ್ ಗುರುತಿಸಿದ್ದು: ಕಲಿಸಿದವರೂ ಕಲಿಯುತ್ತಾರೆ. ಹತ್ತನೆಯ ತರಗತಿಯ ಮಕ್ಕಳನ್ನು ಏಳನೆಯವರ ಪಕ್ಕ ಕೂರಿಸಿದಾಗ ಹೆಚ್ಚು ಸುಧಾರಿಸಿದವರು ಎಷ್ಟೋ ಸಾರಿ ಹತ್ತನೆಯವರೇ.

ಇದು ನಮ್ಮ ಜಗುಲಿಯ ಅನುಭವವಷ್ಟೇ ಅಲ್ಲ. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಒಬ್ಬೊಬ್ಬರಾಗಿ ಪಾಠ ಹೇಳಿಸಿಕೊಂಡ ಗುಂಪಿನ ಸಾಧಾರಣ ವಿದ್ಯಾರ್ಥಿಯು ಸುಮಾರು ಮೂವತ್ತು ಮಕ್ಕಳ ಮಾಮೂಲು ತರಗತಿಯ ಶೇಕಡಾ 98ರಷ್ಟು ವಿದ್ಯಾರ್ಥಿಗಳನ್ನು ಮೀರಿಸಿದನೆಂದು ವರದಿಮಾಡಿದನು. ಮುಂದಿನ ಸಂಶೋಧಕರಿಗೆ ಕಂಡ ಪ್ರಯೋಜನ ಇಷ್ಟು ದೊಡ್ಡದಲ್ಲ. ಆದರೂ ಪ್ರಯೋಜನವಿದೆ ಎಂಬುದರಲ್ಲಿ ಅವರಿಗೆ ಸಂಶಯವಿಲ್ಲ. ಎಲ್ಲ ಮಕ್ಕಳಿಗೂ ಒಬ್ಬೊಬ್ಬ ಗುರುವನ್ನು ಒದಗಿಸುವಷ್ಟು ಹಣ ಯಾವ ಸಮಾಜದಲ್ಲಿಯೂ ಇಲ್ಲವಲ್ಲ, ಏನು ಮಾಡುವುದು ಎಂಬುದೇ ಬ್ಲೂಮನ ಚಿಂತೆಯಾಗಿತ್ತು. ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುವ ನಮ್ಮ ಹಳೆಯ ಮಠಗಳಲ್ಲಿ ಆ ಪ್ರಶ್ನೆಗೆ ಭಾಗಶಃ ಉತ್ತರವಿತ್ತು.

ಇಲ್ಲಿ ನನ್ನದೊಂದು ತಪ್ಪನ್ನೂ ದಾಖಲಿಸಬೇಕು. ಶತಮಾನೋತ್ಸವದ ಸಂಚಿಕೆಯಲ್ಲಿ ಹೊಗಳಿಕೆಯೇ ತುಂಬಿದರೆ ಅದು ಇತಿಹಾಸವಾಗದು. ಒಂದು ವರ್ಷ ಫಲಿತಾಂಶದ ಒತ್ತಡಕ್ಕೆ ಸಿಕ್ಕಿ ನಾನು ಸಂಜೆಪಾಠದ ಸ್ವರೂಪವನ್ನೇ ಬದಲಿಸಿದೆ. ತಕ್ಕಡಿ ಮೂಲೆ ಸೇರಿತು. ಬರಬಹುದಾದ ಪ್ರಶ್ನೆಗಳನ್ನು ಆರಿಸಿ, ಹಂತ ಹಂತವಾಗಿ ಬರೆಸಿ, ಹತ್ತು ಹತ್ತು ಸಾರಿ ತಿದ್ದಿಸಿದೆ. ಆ ವರ್ಷ ಎಲ್ಲರೂ ತೇರ್ಗಡೆಯಾದರು. ನನಗೆ ಶಾಲು ಹೊದಿಸಿದರು. ಆ ತಂಡದಲ್ಲಿ ಒಳ್ಳೆಯ ಅಂಕ ಪಡೆದ ಒಬ್ಬ ಹುಡುಗಿ ಪಾಲಿಟೆಕ್ನಿಕ್ ಸೇರಿ, ಎರಡನೆಯ ವರ್ಷಕ್ಕೆ ಮುಂಚೆಯೇ ಬಿಟ್ಟು ಬಂದಳು. ಇಂಗ್ಲಿಷ್ ಕಷ್ಟವಾಯಿತೇನಮ್ಮ ಎಂದು ಕೇಳಿದೆ. "ಇಂಗ್ಲಿಷ್ ಹೆಂಗೋ ಕಲಿತಿದ್ದೆ ಸಾರ್. ಲೆಕ್ಕದಾಗ ಮುಂದಿನ ಸಾಲು ಏನಂತ ಗೊತ್ತಿತ್ತು, ಯಾಕಂತ ಗೊತ್ತಿರಲಿಲ್ಲ. ಅಲ್ಲಿ ಬರೇ ಯಾಕಂತ ಕೇಳ್ತಾರ" ಎಂದಳು. ಕ್ಯಾಂಪ್‌ಬೆಲ್ ಹೇಳಿದ ಗಿಳಿಗಳನ್ನು ನಾನೇ ಸಾಕಿದ್ದೆ. ಮುಂದಿನ ವರ್ಷ ತಕ್ಕಡಿಯನ್ನು ಮತ್ತೆ ಜಗುಲಿಗೆ ತಂದೆ. ಆದರೆ ಆ ಮಗುವಿನ ಎರಡು ವರ್ಷಗಳು ಮರಳಿ ಬರಲಿಲ್ಲ.

ಪೋಷಕರಲ್ಲಿ ಈ ಕಾರಣಕ್ಕಾಗಿಯೇ ಒಂದು ವಿನಂತಿ. ಇಂದು ಮನೆಪಾಠಕ್ಕೆ ಕೊರತೆಯಿಲ್ಲ. ಹೊಟ್ಟೆ ಬಟ್ಟೆ ಕಟ್ಟಿ ಅದಕ್ಕೆ ಹಣ ತೆರುವ ತಂದೆತಾಯಿಗಳನ್ನು ಬಲ್ಲೆ. ಆದರೆ ಒಂದೇ ಕೋಣೆಯಲ್ಲಿ ಮೂವತ್ತು ಮಕ್ಕಳನ್ನು ಕೂರಿಸಿ ಮತ್ತೊಮ್ಮೆ ಹಂತಗಳನ್ನು ಬರೆಸುವುದು ಮನೆಪಾಠವಲ್ಲ, ಎರಡನೆಯ ತರಗತಿ ಅಷ್ಟೇ. ಮಗು ಮನೆಗೆ ಬಂದಾಗ ಎಷ್ಟು ಲೆಕ್ಕ ಮಾಡಿದೆ ಎಂದು ಕೇಳುವ ಬದಲು, ಇದನ್ನು ಹೀಗೇಕೆ ಮಾಡಿದೆ ಎಂದು ಕೇಳಿರಿ. ನಿಮಗೆ ಬೀಜಗಣಿತ ಬಾರದಿದ್ದರೂ ಚಿಂತೆಯಿಲ್ಲ. ಮಗು ನಿಮಗೆ ತಿಳಿಯುವಂತೆ ಹೇಳಬಲ್ಲದಾದರೆ ಪಾಠ ಫಲಿಸಿದೆ. ತಡವರಿಸಿದರೆ ಎಲ್ಲಿ ತಡವರಿಸಿತೋ ಅಲ್ಲಿಂದ ಮೇಷ್ಟ್ರು ಮುಂದುವರಿಸಬೇಕು.

ಗಡಿಯಾಚೆಯ ಕನ್ನಡ ಶಾಲೆಯಲ್ಲಿ ಓದಿದರೆ ಮುಂದೆ ಗತಿಯೇನು ಎಂಬ ಅಂಜಿಕೆಯೂ ನಮ್ಮವರಲ್ಲಿ ಇದೆ. ಇಂಟರ್‌ಮೀಡಿಯಟ್ಟಿನಲ್ಲಿ ಭಾಷೆ ಬದಲಾಗುವುದು ನಿಜ. ಆದರೆ ಬೀಜಗಣಿತ, ಸಮೀಕರಣ ಎಂಬ ಮಾತುಗಳು ತೆಲುಗಿನಲ್ಲಿಯೂ ಅವೇ. ಇಂಗ್ಲಿಷಿನಲ್ಲಿ ಹೆಸರು ಬೇರೆಯಾದರೂ ತಕ್ಕಡಿ ಒಂದೇ. ತಾಯ್ನುಡಿಯಲ್ಲಿ 'ಯಾಕೆ' ಎಂಬುದು ಗಟ್ಟಿಯಾದ ಮಗು ಹೊಸ ಹೆಸರುಗಳನ್ನು ಕೆಲವು ತಿಂಗಳುಗಳಲ್ಲಿ ಕಲಿಯಬಲ್ಲದು. 'ಯಾಕೆ' ತಿಳಿಯದ ಮಗುವಿಗೆ ಯಾವ ಮಾಧ್ಯಮವೂ ಆಸರೆಯಾಗದು. ನಮ್ಮ ಶಾಲೆ ಇನ್ನೂ ನೂರು ವರ್ಷ ಬಾಳಬೇಕಾದರೆ, ಇಲ್ಲಿ ಕಲಿತವರು ಅರ್ಥ ತಿಳಿದು ಕಲಿತವರು ಎಂಬ ಹೆಸರೇ ಅದಕ್ಕೆ ಬಲ.

ಕೊನೆಯ ಮಾತು ಹಳೆಯ ವಿದ್ಯಾರ್ಥಿಗಳಿಗೆ. ಶತಮಾನೋತ್ಸವದ ನಿಧಿಗೆ ನೀವು ಉದಾರವಾಗಿ ನೀಡಿದ್ದೀರಿ. ಹೊಸ ಕೊಠಡಿಗಳು ಏಳುತ್ತಿವೆ. ಆದರೆ ಸಂಜೆಯ ಜಗುಲಿ ಈಗ ಬಹುಮಟ್ಟಿಗೆ ಖಾಲಿಯಿದೆ. ಊರಿನಲ್ಲಿಯೇ ಇರುವವರು ವಾರಕ್ಕೆ ಒಂದು ಸಂಜೆ, ಬೇರೆ ಊರಿನಲ್ಲಿರುವವರು ಹಬ್ಬಕ್ಕೆ ಬಂದಾಗ ಒಂದು ಗಂಟೆ, ಒಂದೋ ಎರಡೋ ಮಕ್ಕಳ ಪಕ್ಕದಲ್ಲಿ ಬಂದು ಕುಳಿತುಕೊಳ್ಳಿರಿ. ಗಣಿತದಲ್ಲಿ ಪದವಿ ಬೇಕಿಲ್ಲ. ಮಗು ಬರೆಯುವುದನ್ನು ನೋಡಿ, ಹೀಗೇಕೆ ಎಂದು ಕೇಳಿ, ಅದು ಉತ್ತರಿಸುವವರೆಗೆ ಸುಮ್ಮನಿರುವ ತಾಳ್ಮೆಯಿದ್ದರೆ ಸಾಕು. ನಮಗೆ ಯಾರೋ ಹಾಗೆ ಕುಳಿತು ಕಲಿಸಿದರು. ಅವರ ಋಣ ನಮ್ಮ ಮೇಲಿದೆ. ಅದನ್ನು ಕಳೆಯುವ ಲೆಕ್ಕವನ್ನೂ ಅವರೇ ನಮಗೆ ಕಲಿಸಿಕೊಟ್ಟಿದ್ದಾರೆ.